ಕೂತ ಜಾಗ

ಕೊನೆಯ ಜೋಡಿ ಕ್ರೀಸಿನಲ್ಲಿತ್ತು, ಗೆಲ್ಲಲು ಇನ್ನೂ ಮೂವತ್ತು ರನ್ ಬೇಕಿತ್ತು. ಎದುರು ತಂಡದವರು ಹತ್ತೇ ಜನ ಬಂದಿದ್ದರೂ ಚೆಲುವಯ್ಯನ ತಂಡದ ಉಸಿರು ಕಟ್ಟಿಸಿದ್ದರು. ಕ್ಯಾಪ್ಟನ್ನಾಗಿ ಸೊನ್ನೆಗೆ ಔಟಾಗಿದ್ದ ಚೆಲುವಯ್ಯ ಬೇವಿನ ಮರದ ಹಿಂದಿನ ಬೆಂಚಿನಲ್ಲಿ ಉಗುರು ಕಚ್ಚುತ್ತಿದ್ದ. ಬಸ್ಸಿಳಿದು ಓಡಿಬಂದ ನರೆಗೂದಲಿನ ಯಜಮಾನರೊಬ್ಬರು ಕೈಚೀಲ ಇಳಿಸಿ, ಉಸ್ಸೆಂದು ಅವನ ಪಕ್ಕ ಕುಳಿತರು. ಅದೇ ಚೆಂಡಿಗೆ ಬೌಂಡರಿ ಬಂತು.

ಜೋಡಿ ಕುದುರಿಕೊಂಡರೆ ಹೊರಗಿದ್ದವರು ಕೂತ ಜಾಗ ಬಿಟ್ಟು ಏಳಕೂಡದೆಂಬುದು ಆ ಕ್ಲಬ್ಬಿನ ಕಟ್ಟಳೆ. ಯಜಮಾನರು ಏಳಹೊರಟಾಗ ಚೆಲುವಯ್ಯ ಭುಜ ಒತ್ತಿ ಕೂರಿಸಿದ.

“ಏಳ್ಬೇಡಿ ಯಜಮಾನ್ರೇ! ನೀವೆದ್ರೆ ನಮ್ ವಿಕೆಟ್ ಬಿದ್ದೋಗುತ್ತೆ.”

“ಅಲ್ಲಪ್ಪಾ, ನಾನು ಅರ್ಜೆಂಟಾಗಿ ಹೋಗ್ಬೇಕಿತ್ತು...”

“ಸ್ವಲ್ಪ ತಡ್ಕೊಳ್ಳಿ, ನಿಮ್ ದಮ್ಮಯ್ಯ!”

ಅವರು ಮತ್ತೆ ಬಾಯಿ ತೆರೆದರು. ಚೆಲುವಯ್ಯ ಅದಕ್ಕೊಂದು ಬಿಸಿ ಬೋಂಡಾ ತುರುಕಿದ. ಬೋಂಡಾ ಅಷ್ಟು ರುಚಿಯಾಗಿತ್ತೋ ಏನೋ, ಆಮೇಲೆ ಯಜಮಾನರು ಚಟ್ನಿ ಕೇಳಿದರೇ ಹೊರತು ಏಳುವ ಮಾತೆತ್ತಲಿಲ್ಲ. ಜೋಡಿಯೂ ಅಲುಗಾಡಲಿಲ್ಲ.

ಗೆಲುವಿನ ರನ್ ಬಂದದ್ದೇ ತಡ, ಚೆಲುವಯ್ಯ ಅವರ ಕಾಲಿಗೆ ಬಿದ್ದ.

“ನಮ್ಮನ್ನ ಗೆಲ್ಲಿಸಿದ್ದೇ ನೀವು! ಇನ್ನು ಹೋಗ್ಬನ್ನಿ. ಟಾಯ್ಲೆಟ್ಟು ಆ ಗೋಡೆ ಹಿಂದೆ.”

“ಅದಕ್ಕಲ್ಲಪ್ಪಾ, ಬೌಲಿಂಗಿಗೆ.” ಯಜಮಾನರು ಕೈಚೀಲದಿಂದ ಎದುರು ತಂಡದ ಟೋಪಿ ತೆಗೆದು ತಲೆಗಿಟ್ಟುಕೊಂಡರು. “ನೀನು ಹೇಳಿದ್ದು ಮಾತ್ರ ನಿಜ. ನಾನು ಎದ್ದಿದ್ರೆ ವಿಕೆಟ್ ಬೀಳ್ತಿತ್ತು.”