ಮೊದಲ ಸಲ ಬಂದ ನಾಯಿ

"ಇದನ್ನ ಇಲ್ಲಿಗೆ ಕರ್ಕೊಂಡು ಬರ್ತಿರೋದು ಇದೇ ಮೊದಲು," ಎಂದು ಹೊಸಬ ಹೇಳುತ್ತಿದ್ದಂತೆಯೇ ನಾಯಿ ತಾನಾಗಿಯೇ ಹೋಗಿ ತೂಕದ ಯಂತ್ರ ಹತ್ತಿ ಕೂತಿತು. ಅದೂ ಸಾಲದೆಂಬಂತೆ, ಬಿಸ್ಕತ್ತಿನ ಡಬ್ಬಿಯಿದ್ದ ಕಪಾಟಿನ ಕಡೆ ನೋಡಿ ಬಾಲ ಅಲ್ಲಾಡಿಸಿತು.

ಪ್ರಾಣಿಗಳ ಈ ಆಸ್ಪತ್ರೆ ಮಾರಾಟಕ್ಕಿರುವ ಸುದ್ದಿ ಕೆಲಸದವರ ಕಿವಿಗೆ ಬೀಳದ ಹಾಗೆ, ಕೊಳ್ಳುವವರನ್ನು ಗಿರಾಕಿಯ ವೇಷದಲ್ಲಿ ಕಳಿಸುತ್ತೇನೆಂದು ಬ್ರೋಕರ್ ಡಾಕ್ಟರಿಗೆ ಮಾತು ಕೊಟ್ಟಿದ್ದ. ಹಾಗೇ ಕಳಿಸಿಯೂ ಇದ್ದ. ಆದರೆ ಆ ಪುಣ್ಯಾತ್ಮ ಜೊತೆಗೆ ಕಳಿಸಿದ್ದು ತನ್ನ ಮನೆಯ ನಾಯಿಯನ್ನೇ. ಮರಿಯಾಗಿದ್ದಾಗಿನಿಂದ ಇಲ್ಲೇ ಇಂಜೆಕ್ಷನ್ ಹಾಕಿಸಿಕೊಂಡು ಬೆಳೆದ ನಾಯಿ ಅದು.

"ಏನೋ ಮೋಟು, ಮತ್ತೆ ದಪ್ಪ ಆಗಿದೀಯಲ್ಲೋ! ನಿಮ್ಮನೆ ಬ್ರೋಕರ್ ಸಾಹೇಬ್ರು ಬರ್ಲಿಲ್ವಾ?" ಎಂದಳು ನರ್ಸಮ್ಮ. ಆಸ್ಪತ್ರೆ ತೆರೆದ ದಿನದಿಂದ ಇಪ್ಪತ್ತೆರಡು ವರ್ಷ, ಒದೆಯುವ ಕಚ್ಚುವ ಪ್ರಾಣಿಗಳನ್ನೆಲ್ಲ ಹಿಡಿದುಕೊಂಡವಳು ಅವಳೇ. ತೂಕ ಬರೆದುಕೊಂಡು ತಲೆಯೆತ್ತಿದಳು. ಹೊಸಬನ ಕಣ್ಣು ನಾಯಿಯ ಮೇಲಿರಲಿಲ್ಲ. ಎಕ್ಸ್‌ರೇ ಯಂತ್ರವನ್ನೂ ಗೋಡೆಯ ಬಿರುಕನ್ನೂ ಅಳೆಯುತ್ತಿತ್ತು. ಅವಳು ಅವನನ್ನು ನೋಡಿದಳು, ಆಮೇಲೆ ಡಾಕ್ಟರನ್ನು. ಡಾಕ್ಟರು ಸ್ಟೆತಾಸ್ಕೋಪನ್ನು ಕಿವಿಗೆ ಸಿಕ್ಕಿಸಿಕೊಂಡು, ಏನೂ ಕೇಳಿಸದವರಂತೆ ನಾಯಿಯ ಎದೆಗೆ ಬಗ್ಗಿದರು.

ನರ್ಸಮ್ಮ ಹತ್ತಿ, ಕತ್ತರಿ ಇಡುವ ಡ್ರಾಯರ್ ಹತ್ತಿರ ಹೋಗಿ ಹೊಸಬನನ್ನು ಕರೆದಳು.

"ಇಲ್ಲಿ ನೋಡಿ ಸಾರ್. ಇದು ಸುಮ್ನೆ ಎಳೆದ್ರೆ ಬರಲ್ಲ. ಹೀಗೆ ಸ್ವಲ್ಪ ಮೇಲಕ್ಕೆತ್ತಿ ಎಳೀಬೇಕು. ನಾಳೆ ನಾನು ಇರ್ತೀನೋ ಇಲ್ವೋ, ನಿಮಗೆ ಗೊತ್ತಿರಲಿ."