ಪ್ರಾರ್ಥನೆಯ ಉಳಿದರ್ಧ

"ಬಂತು! ಟ್ರಕ್ಕು ಬಂತು!"

ಕೂಗು ಕೇಳಿದ್ದೇ ತಡ, ಕ್ರಿಸಾಂತಾ ಗಂಜಿಯ ಸೌಟು ಬಿಸುಟು ರಸ್ತೆಬದಿಯ ಕಲ್ಲೊಂದನ್ನು ಎತ್ತಿಕೊಂಡಳು. ಜಾಂಬೊವಾಂಗ ಬಂದರಿನ ಮೀನುಡಬ್ಬಿ ಕಾರ್ಖಾನೆಯ ಗೇಟಿನೆದುರು ಕೂತಿದ್ದ ಹೆಂಗಸರೆಲ್ಲ ದಡಬಡಿಸಿ ಎದ್ದರು. ಸಂಘ ಕಟ್ಟಿದವರನ್ನು ಕೆಲಸದಿಂದ ಕಿತ್ತುಹಾಕಿದ್ದಕ್ಕೆ ಹೂಡಿದ ಮುಷ್ಕರ ಅದು. ನಿನ್ನೆ ಇದೇ ಗೇಟಿನಲ್ಲಿ ಕಾವಲಿನವರ ಲಾಠಿ ಅವಳ ತಮ್ಮ ಎಲ್ಮರನ ತಲೆ ಸೀಳಿತ್ತು. ಇವತ್ತು ಇವರೆಲ್ಲರ ಜಾಗಕ್ಕೆ ಬೇರೆಯವರನ್ನು ತುಂಬಿಕೊಂಡು, ಟಾರ್ಪಾಲು ಮುಚ್ಚಿದ ಟ್ರಕ್ಕು ಧೂಳೆಬ್ಬಿಸುತ್ತ ಬರುತ್ತಿತ್ತು.

"ಕಲ್ಲು ಕೆಳಗಿಡು, ಕ್ರಿಸಾಂತಾ," ಎಂದರು ಫಾದರ್ ಅನ್ಸೆಲ್ಮೊ. ಬೆಳಗಿನ ಪೂಜೆ ಮುಗಿಸಿ ನೇರ ಇಲ್ಲಿಗೇ ಬಂದಿದ್ದರು.

"ನೀವು ಸುಮ್ನಿರಿ ಫಾದರ್. ಅವರು ಹೊಡೆಯುವಾಗ ಎಲ್ಲಿ ಹೋಗಿತ್ತು ನಿಮ್ಮ ಉಪದೇಶ?"

"ಸಂಘ ಕಟ್ಟೋದು ನಿಮ್ಮ ಹಕ್ಕು, ಮುಷ್ಕರ ನಿಮ್ಮ ಹಕ್ಕು ಅಂತ ಪೋಪರೇ ಬರೆದಿದಾರೆ. ಮ್ಯಾನೇಜರ್ ಮುಖದ ಮುಂದೇನೇ ಓದಿ ಹೇಳಿದೀನಿ. ಕಲ್ಲು ಹೊಡೀರಿ ಅಂತ ಮಾತ್ರ ಎಲ್ಲೂ ಬರೆದಿಲ್ಲಮ್ಮ."

"ಪೋಪಿಗೇನು ಗೊತ್ತು ನಮ್ಮ ಮೀನಿನ ನಾತ?"

"ಮೊದಲನೇ ಪೋಪು ಮೀನು ಹಿಡಿಯೋನೇ ಕಣಮ್ಮ!"

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಕ್ರಿಸಾಂತಾ ನಗಲಿಲ್ಲ. ಆದರೆ ಫಾದರ್ ಬಿಳಿ ನಿಲುವಂಗಿಯಲ್ಲೇ ನಟ್ಟನಡು ರಸ್ತೆಯಲ್ಲಿ ಮೊಣಕಾಲೂರಿದಾಗ, ಗೊಣಗುತ್ತಲೇ ಹೋಗಿ ಅವರ ಮಗ್ಗುಲಲ್ಲಿ ತಾನೂ ಊರಿದಳು. ಮುದುಕರನ್ನು ಒಬ್ಬರನ್ನೇ ಚಕ್ರದ ಬಾಯಿಗೆ ಬಿಡುವುದುಂಟೇ? ಕಲ್ಲು ಇನ್ನೂ ಮುಷ್ಟಿಯಲ್ಲೇ ಇತ್ತು. ಹಿಂದೆಯೇ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ರಸ್ತೆ ತುಂಬಿತು.

ಟ್ರಕ್ಕು ಕಿರ್ರೆಂದು ನಿಂತಿತು, ಎಂಜಿನ್ನಿನ ಕಾವು ಮುಖಕ್ಕೆ ಹೊಡೆಯುವಷ್ಟು ಹತ್ತಿರ. ಗೇಟಿನೊಳಗಿಂದ ಕಾವಲಿನ ಮುಖ್ಯಸ್ಥ ಅರಚಿದ: "ನುಗ್ಸೋ ಗಾಡೀನ! ತಾವೇ ಎದ್ದು ಓಡ್ತಾರೆ!"

ಎಂಜಿನ್ನು ಗುರುಗುಟ್ಟಿತು. ಕ್ರಿಸಾಂತಾ ಬೇರೇನೂ ತೋಚದೆ ಜಪಸರದ ಪ್ರಾರ್ಥನೆಯನ್ನು ಗಟ್ಟಿ ದನಿಯಲ್ಲಿ ಎತ್ತಿಕೊಂಡಳು: "ನಮೋ ಮರಿಯಮ್ಮನವರೇ, ವರಪ್ರಸಾದ ಪೂರ್ಣರೇ..."

ಮೊದಲರ್ಧ ಮುಗಿಯಿತು. ಉಳಿದರ್ಧ ಹೇಳಬೇಕಾದ ಹೆಂಗಸರಿಗೆ ಭಯದಲ್ಲಿ ದನಿಯೇ ಹೊರಡಲಿಲ್ಲ. ಆಗ ಟಾರ್ಪಾಲಿನ ಒಳಗಿಂದ, ಹತ್ತಾರು ಕಂಠಗಳು ಒಟ್ಟಿಗೆ:

"ಸಂತ ಮರಿಯಮ್ಮನವರೇ, ದೇವರ ಮಾತೆಯೇ, ಪಾಪಿಗಳಾದ ನಮಗಾಗಿ ಪ್ರಾರ್ಥಿಸಿರಿ, ಈಗಲೂ, ನಮ್ಮ ಮರಣದ ಸಮಯದಲ್ಲೂ..."

ಕ್ರಿಸಾಂತಾ ಎದ್ದು ಟ್ರಕ್ಕಿನ ಹಿಂಬದಿಗೆ ಓಡಿದಳು. ಕಲ್ಲು ಎಲ್ಲಿ ಬಿತ್ತೋ ಅವಳಿಗೇ ತಿಳಿಯದು. ಎರಡೂ ಕೈಯಲ್ಲಿ ಟಾರ್ಪಾಲು ಜಗ್ಗಿದಳು. ಒಳಗೆ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದ ಹೆಂಗಸರು ಬೆಳಕಿಗೆ ಕಣ್ಣು ಕಿರಿದು ಮಾಡಿ ನೋಡಿದರು.

"ಯಾರು ಸತ್ತಿದ್ದು ಅಕ್ಕ?" ಮುಂದಿದ್ದವಳು ಕೇಳಿದಳು. "ಜಪ ಕೇಳಿಸ್ತು."

"ಇನ್ನೂ ಯಾರೂ ಸತ್ತಿಲ್ಲ. ನಿಮ್ಮನ್ನ ಏನಂತ ಕರ್ಕೊಂಡು ಬಂದ್ರು?"

"ಹೊಸಾ ಫ್ಯಾಕ್ಟರಿ, ಹೊಸಾ ಕೆಲಸ ಅಂದ್ರು. ನಾವು ಆಚೆ ದ್ವೀಪದವರು."

"ಹೊಸದೂ ಇಲ್ಲ, ಮಣ್ಣೂ ಇಲ್ಲ ಕಣೆ. ನಮ್ಮ ಕೆಲಸಾನೇ ಅದು. ನ್ಯಾಯ ಕೇಳಿದ್ದಕ್ಕೆ ನನ್ನ ತಮ್ಮನ ತಲೆ ಒಡೆದ್ರು."

ಆಕೆ ತುಟಿ ಕಚ್ಚಿದಳು. "ನಮಗೂ ಮಕ್ಕಳಿದಾವೆ ಅಕ್ಕ."

ಕ್ರಿಸಾಂತಾ ತಿರುಗಿ, ಹಿಂದೆಯೇ ಬಂದಿದ್ದ ಫಾದರನ್ನು ನೋಡಿದಳು. ಕೊನೆಗೆ ಕೈ ಚಾಚಿದಳು. "ಗೊತ್ತು. ಇಳಿ, ಬಿಸಿ ಗಂಜಿ ಇದೆ. ಉಂಡಾದ ಮೇಲೂ ಒಳಗೆ ಹೋಗ್ಬೇಕು ಅನ್ನಿಸಿದ್ರೆ ಹೋಗು. ನಾನು ತಡೆಯಲ್ಲ."

ಆಕೆ ಚಾಚಿದ ಕೈಯನ್ನೊಮ್ಮೆ, ಗೇಟಿನಾಚೆಯ ಲಾಠಿಗಳನ್ನೊಮ್ಮೆ ನೋಡಿದಳು. ನೋಡಿ, ಧುಮುಕಿದಳು. ಹಿಂದೆಯೇ ಇನ್ನೊಬ್ಬಳು, ಮತ್ತೊಬ್ಬಳು. ರಸ್ತೆಯಲ್ಲಿ ಕೇಕೆ, ಚಪ್ಪಾಳೆ. ಯಾರು ಯಾರನ್ನು ತಬ್ಬಿಕೊಂಡರೆಂಬ ಲೆಕ್ಕವೇ ಇಲ್ಲ. ಆ ಗದ್ದಲದಲ್ಲಿ ಟ್ರಕ್ಕಿನ ಮೂತಿಯಷ್ಟೇ ಕಾಣುತ್ತಿದ್ದ ಮುಖ್ಯಸ್ಥನಿಗೆ ತಾಳ್ಮೆ ತಪ್ಪಿತು.

"ಏಯ್ ಡ್ರೈವರ್! ಗಾಡಿ ಒಳಗೆ ತರ್ತೀಯೋ ಇಲ್ವೋ?"

"ಬಂದೆ ಸಾರ್!"

ಹೆಂಗಸರು ನಗುತ್ತ ದಾರಿ ಬಿಟ್ಟರು. ಗೇಟು ಹಾರುಹೊಡೆಯಿತು. ಕಾವಲಿನವರು ಲಾಠಿ ಹಿಡಿದು ಎರಡೂ ಬದಿ ಸಾಲುಗಟ್ಟಿ ನಿಂತರು. ಅವರ ನಡುವೆ ಖಾಲಿ ಟ್ರಕ್ಕು, ಹಾರ್ನು ಬಾರಿಸುತ್ತ, ಬಹಳ ಗತ್ತಿನಿಂದ ಒಳಗೆ ಹೋಯಿತು.