ಅದಕ್ಕೂ ಕಾರಣ

"ಮೇಡಂ, ಈ ಸಾಲು ಹಾಗೇ ಬಿಟ್ಟಿದ್ದೀರಲ್ಲ," ಎನ್ನುತ್ತ ಲಿಫ್ಟ್ ಮೆಕ್ಯಾನಿಕ್ ತನ್ನ ಮಗಳ ಮರಣೋತ್ತರ ಪರೀಕ್ಷೆಯ ವರದಿಯನ್ನು ಡಾಕ್ಟರಮ್ಮನ ಕಡೆಗೆ ತಿರುಗಿಸಿಟ್ಟ. ಏಳು ತಿಂಗಳ ಕೂಸು ಪಾಪ, ಹನ್ನೆರಡು ದಿನದ ಹಿಂದೆ ಮಧ್ಯಾಹ್ನ ಹಾಲು ಕುಡಿದು ಮಲಗಿದ್ದು ಮತ್ತೆ ಏಳಲೇ ಇಲ್ಲ. ವರದಿಯ ಕೊನೆಯಲ್ಲಿ ಮೂರು ಸಾಲುಗಳಿದ್ದವು. 'ಸಾವಿಗೆ ಕಾರಣ' ಎಂಬುದರ ಮುಂದೆ ಉಸಿರು ನಿಂತದ್ದು ಎಂದಿತ್ತು. 'ಅದಕ್ಕೆ ಕಾರಣ' ಎಂಬುದರ ಮುಂದೆ ಗೊತ್ತಾಗಿಲ್ಲ ಎಂದಿತ್ತು. 'ಅದಕ್ಕೂ ಕಾರಣ' ಎಂಬುದರ ಮುಂದೆ ಬರೀ ಒಂದು ಅಡ್ಡಗೆರೆ.

"ಎಲ್ಲಾ ನೋಡಿದ್ವಿ ಕಣಪ್ಪ. ಹೃದಯ, ಶ್ವಾಸಕೋಶ, ರಕ್ತ, ಯಾವುದರಲ್ಲೂ ದೋಷ ಇಲ್ಲ," ಎಂದರು ತಲೆ ನರೆತ ಡಾಕ್ಟರಮ್ಮ. "ಕೆಲವು ಕೂಸುಗಳು ಹೀಗೆ ಹೋಗಿಬಿಡ್ತವೆ. ಯಾಕೆ ಅಂತ ವಿಜ್ಞಾನಕ್ಕೆ ಇನ್ನೂ ಗೊತ್ತಿಲ್ಲ."

"ಸುಮ್ಮಸುಮ್ಮನೆ ಯಾವುದೂ ನಿಲ್ಲಲ್ಲ ಮೇಡಂ. ಲಿಫ್ಟ್ ನಿಂತ್ರೆ ಫ್ಯೂಸ್ ಹೋಗಿರುತ್ತೆ. ಫ್ಯೂಸ್ ಹೋಯ್ತು ಅಂದ್ರೆ ಎಲ್ಲೋ ವೈರ್ ತಾಗಿದೆ. ಯಾಕೆ ತಾಗಿತು? ಇಲಿ ಕಡಿದಿದೆ. ಅಷ್ಟೂ ಬರೆಯದೆ ನಾವು ಲಾಗ್ ಬುಕ್ ಮುಚ್ಚೋ ಹಾಗಿಲ್ಲ."

"ಆ ಇಲಿಯನ್ನ ಅಲ್ಲಿಗೆ ಕಳಿಸಿದ್ದು ಯಾರು ಅಂತಾನೂ ಬರೀತೀರಾ?"

ಹಾಗೆ ಅಂದುಬಿಟ್ಟು ಡಾಕ್ಟರಮ್ಮ ನಾಲಿಗೆ ಕಚ್ಚಿಕೊಂಡರು. ಅವನಿಗೇನೂ ಬೇಜಾರಾಗಲಿಲ್ಲ. ಮನೆಯಲ್ಲಿ ತಾಯಿ ಹೇಳಿಕೊಂಡು ಬಂದದ್ದೂ ಅದನ್ನೇ. "ಬಟನ್ ಒತ್ತದೆ ನಿನ್ನ ಲಿಫ್ಟ್ ಏಳುತ್ತೇನೋ? ಲೋಕಕ್ಕೂ ಬಟನ್ ಒತ್ತಿದೋನು ಒಬ್ಬ ಇದ್ದಾನೆ," ಎನ್ನುತ್ತಿದ್ದಳು ಮುದುಕಿ. "ಅವನ ಬಟನ್ ಒತ್ತಿದೋರು ಯಾರಮ್ಮ?" ಎಂದು ಇವನು ರೇಗಿಸಿದರೆ, "ಹೋಗೋ ತಲೆಹರಟೆ" ಎಂದು ಸೊಸೆಯ ಕಡೆ ನೋಡಿ ನಗುತ್ತಿದ್ದಳು. ಈಗ ಆ ಮನೆಯಲ್ಲಿ ವಾದವೂ ಇಲ್ಲ, ನಗುವೂ ಇಲ್ಲ. ಮೂರೂ ಜನ ಒಬ್ಬರ ಮುಖ ಒಬ್ಬರು ನೋಡದೆ ಓಡಾಡುತ್ತಾರೆ.

"ದೇವರು ಅಂತ ಬರೆದುಬಿಡಿ ಮೇಡಂ," ಎಂದ.

"ನೀವು ನಂಬ್ತೀರಾ?"

"ಇಲ್ಲ. ಆದ್ರೆ ಆ ಜಾಗ ಖಾಲಿ ಇದ್ರೆ ನನ್ನ ಹೆಂಡತಿ ಅಲ್ಲಿ ತನ್ನ ಹೆಸರು ಬರ್ಕೋತಾಳೆ. ಅವತ್ತು ಕೂಸಿನ ಪಕ್ಕದಲ್ಲೇ ಅವಳಿಗೂ ನಿದ್ದೆ ಹತ್ತಿತ್ತು. ಅನ್ನ ನೀರು ಬಿಟ್ಟು ಕೂತಿದ್ದಾಳೆ. ಕೂಸಂತೂ ಹೋಯ್ತು, ಇವಳನ್ನಾದ್ರೂ ಉಳಿಸ್ಕೋಬೇಕು. ಅದಕ್ಕೆ ದೇವರೇ ಬೇಕು ಅಂದ್ರೆ ದೇವರೇ ಇರಲಿ." ಹೆಂಗಸರ ಮುಂದೆ ಅತ್ತು ಅಭ್ಯಾಸವಿಲ್ಲದ ಗಂಡಸು, ಕಿಟಕಿಯ ಕಡೆ ತಿರುಗಿ ನಿಂತ.

"ನಾನು ಕಂಡಿದ್ದನ್ನ ಮಾತ್ರ ಬರೀಬೇಕು," ಎಂದರು ಡಾಕ್ಟರಮ್ಮ. "ದೇವರು ಇದ್ದಾನೆ ಅಂತ ಬರೆಯೋಕೂ ಬರಲ್ಲ, ಇಲ್ಲ ಅಂತ ಬರೆಯೋಕೂ ಬರಲ್ಲ. ಬಾಯಲ್ಲಾದ್ರೆ ಒಂದು ಮಾತು ಹೇಳಬಹುದು. ಎಲ್ಲಿದ್ದಾಳೆ ಅವಳು?"

ಅವಳು ಹೊರಗೆ ಬೆಂಚಿನ ತುದಿಯಲ್ಲಿ ಕೂತಿದ್ದಳು. ಹಾಲು ಇನ್ನೂ ನಿಂತಿರಲಿಲ್ಲ. ಎದೆಯ ಮೇಲೆ ಸೆರಗನ್ನು ಎರಡು ಮಡಿಕೆ ಮಾಡಿ ಹಿಡಿದಿದ್ದಳು. ಡಾಕ್ಟರಮ್ಮ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡರು.

"ನೋಡಮ್ಮ, ನಿನ್ನದೇನೂ ತಪ್ಪಿಲ್ಲ. ನೀನು ಎಚ್ಚರವಾಗಿದ್ದಿದ್ರೂ ಕೂಸು ಉಳೀತಿರಲಿಲ್ಲ. ಖಂಡಿತವಾಗಿ ಹೇಳ್ತಿದ್ದೀನಿ."

ಮೆಕ್ಯಾನಿಕ್‌ಗೆ ಹೋದ ಜೀವ ಬಂದಂತಾಯಿತು. ಇಷ್ಟು ಸಾಕಿತ್ತು ಅವನಿಗೆ. ದೊಡ್ಡ ಡಾಕ್ಟರು, ಅವರ ಬಾಯಿಂದಲೇ ಬಂದ ಮಾತು. ಹನ್ನೆರಡು ದಿನದಲ್ಲಿ ಮೊದಲ ಸಲ ಹೆಂಡತಿ ತಲೆ ಎತ್ತಿದ್ದನ್ನೂ ಕಂಡ.

"ಕಾರಣ ಗೊತ್ತಾಗಿಲ್ಲ ಅಂತ ನೀವೇ ಬರೆದಿದ್ದೀರಿ, ನಾನೂ ಓದಿದೀನಿ," ಎಂದಳು ಅವಳು ಮೆಲ್ಲಗೆ. "ಮತ್ತೆ ನಾನಲ್ಲ ಅನ್ನೋದು ಹೇಗೆ ಗೊತ್ತಾಯ್ತು, ಡಾಕ್ಟ್ರೇ?"